"ಸತ್ತಿದ್ದಾಳೆ" ಅಂದವರನ್ನ ಲೆಕ್ಕ ಕೇಳೋರು ಯಾರು?

ಹಳೇಪೇಪರ್
ಡಿಸೆಂಬರ್ ಬಂತು ಅಂದ್ರೆ ಬಲ್ಗೇರಿಯಾದ ಭವಿಷ್ಯಗಾರ್ತಿ ಬಾಬಾ ವಂಗಾ ಪಟ್ಟಿ ಶುರು. ಆಕೆ ತೀರಿಕೊಂಡಿದ್ದು 1996ರ ಆಗಸ್ಟಿನಲ್ಲಿ. ಸ್ವಂತ ಕೈಯಲ್ಲಿ ಬರೆದಿಟ್ಟ ಒಂದು ಹಾಳೆಯೂ ಇಲ್ಲ. ಆದ್ರೂ ವರ್ಷಾ ವರ್ಷಾ ಬಿಸಿಬಿಸಿ ಭವಿಷ್ಯ ಬರ್ತಾನೇ ಇದೆ. ಅದನ್ನ ನಕ್ಕು ಬಿಡಬಹುದು. ನನ್ನ ತಕರಾರು ಟಿವಿ ಸ್ಟುಡಿಯೋದಲ್ಲಿ ಕೂತು, ಎದುರಿಗಿರುವ ಒಬ್ಬ ಮನುಷ್ಯರಿಗೆ ನೇರವಾಗಿ ಹೇಳ್ತಾರಲ್ಲ, ಅವರ ಬಗ್ಗೆ.

ಅಮೆರಿಕದ ಕ್ಲೀವ್‌ಲ್ಯಾಂಡ್‌ನಲ್ಲಿ ಅಮಾಂಡಾ ಬೆರ್ರಿ ಅನ್ನೋ ಹುಡುಗಿ 2003ರ ಏಪ್ರಿಲ್‌ನಲ್ಲಿ ಕಾಣೆಯಾದಳು, ಹದಿನೇಳನೇ ಹುಟ್ಟುಹಬ್ಬದ ಹಿಂದಿನ ದಿನ. 2004ರಲ್ಲಿ ಅವಳ ತಾಯಿ ಮಾಂಟೆಲ್ ವಿಲಿಯಮ್ಸ್ ಅನ್ನೋರ ಟಿವಿ ಶೋಗೆ ಹೋದ್ರು. ಅಲ್ಲಿದ್ದ ಖ್ಯಾತ ಸೈಕಿಕ್ (ಕಾಣದ್ದು ನನಗೆ ಕಾಣುತ್ತೆ ಅನ್ನೋರು) ಸಿಲ್ವಿಯಾ ಬ್ರೌನ್, ಮಗಳು ಬದುಕಿಲ್ಲ ಅಂತ ಹೇಳಿದ್ರು. ತಾಯಿ ಅದನ್ನ ಶೇಕಡಾ 98ರಷ್ಟು ನಂಬ್ತೀನಿ ಅಂತ ಪತ್ರಿಕೆಯವರಿಗೆ ಹೇಳಿದ್ರು. 2006ರ ಮಾರ್ಚಿನಲ್ಲಿ ಆಕೆ ತೀರಿಕೊಂಡರು. ಮಗಳು 2013ರ ಮೇ 6ರಂದು, ಅದೇ ಊರಿನ ಒಂದು ಮನೆಯ ಬಾಗಿಲು ಒಡೆದು ಹೊರಗೆ ಬಂದಳು. ಜೀವಂತವಾಗಿ.

ಹವಾಮಾನ ಇಲಾಖೆ ಮಳೆ ಅಂದು ಬಿಸಿಲು ಬಂದ್ರೆ ಮರುದಿನ ಎಲ್ಲರೂ ಆಡಿಕೊಳ್ತಾರೆ. ಇವರಿಗೆ ಆ ಲೆಕ್ಕ ಯಾಕಿಲ್ಲ? ಲೆಕ್ಕ ಇಡೋದಾದ್ರೆ ಹೇಗೆ ಇಡಬೇಕು?

ಸುಮ್ನೆಓದುಗ
ಬ್ರೌನ್ ತಮ್ಮ ಸಾವಿನ ಭವಿಷ್ಯ ಕೂಡ ಹೇಳಿದ್ರು. 88ಕ್ಕೆ ಅಂತ. ಹೋಗಿದ್ದು 77ಕ್ಕೆ, ಅದೇ 2013ರ ನವೆಂಬರ್‌ನಲ್ಲಿ.

ಲೆಕ್ಕಿಗ
ಲೆಕ್ಕ ಇಟ್ಟವರಿದ್ದಾರೆ, ಓದಿದವರು ಕಮ್ಮಿ. 2010ರಲ್ಲಿ ಸ್ಕೆಪ್ಟಿಕಲ್ ಎನ್‌ಕ್ವೈರರ್ ಪತ್ರಿಕೆಯಲ್ಲಿ ಬ್ರೌನ್ ಬಾಯಿ ಹಾಕಿದ 115 ಕಾಣೆ ಮತ್ತು ಕೊಲೆ ಪ್ರಕರಣಗಳನ್ನ ಒಂದೊಂದಾಗಿ ಪತ್ರಿಕಾ ವರದಿಗಳ ಜೊತೆ ಹೋಲಿಸಿದ್ರು. ನಿಜ ಏನು ಅಂತ ಆಮೇಲೆ ಗೊತ್ತಾಗಿದ್ದು 25ರಲ್ಲಿ. ಆ 25ರಲ್ಲಿ ಬಹುಪಾಲು ಸರಿ ಅನ್ನಬಹುದಾದದ್ದು ಸೊನ್ನೆ. ಉಳಿದ 90 ಬಗೆಹರಿದಿಲ್ಲ, ಅಥವಾ ಪರಿಶೀಲಿಸೋಕೆ ಮಾಹಿತಿ ಸಾಲದು.

ಆ 90 ಇದೆಯಲ್ಲ, ಇವರ ದಂಧೆಗೆ ಅದೇ ಬಂಡವಾಳ. ಬಗೆಹರಿಯದ ಪ್ರಕರಣದಲ್ಲಿ ಏನು ಹೇಳಿದ್ರೂ ತಪ್ಪು ಅಂತ ತೋರಿಸೋರು ಇಲ್ಲ.

ಮಿಸೂರಿಯ 11 ವರ್ಷದ ಹುಡುಗನ ಕತೆಯೂ ಇದೇ. 2002ರ ಅಕ್ಟೋಬರ್‌ನಲ್ಲಿ ಕಾಣೆಯಾದ. ಮರುವರ್ಷ ಅದೇ ಶೋನಲ್ಲಿ ಅಪ್ಪ ಅಮ್ಮನಿಗೆ ಇದೇ ಬ್ರೌನ್, ಮಗ ಸತ್ತಿದ್ದಾನೆ, ದೇಹ ಮೊನಚು ಬಂಡೆಗಳ ಹತ್ತಿರ ಇದೆ, ಕರೆದುಕೊಂಡು ಹೋದವನು ಕಪ್ಪು ಮೈಬಣ್ಣದ, ಜಡೆಗಟ್ಟಿದ ಕೂದಲಿನವನು ಅಂದ್ರು. 2007ರ ಜನವರಿಯಲ್ಲಿ ಹುಡುಗ ಜೀವಂತ ಸಿಕ್ಕ. ಅಪಹರಿಸಿದವನು ಬಿಳಿಯ.

ಮೂರನೇಕಣ್ಣು
ಎಲ್ಲಾ ಒಂದೇ ಕಡೆ ಮಾತಾಡ್ತಿದ್ದೀರಿ. ಅದೇ ಬ್ರೌನ್ 2008ರ ಪುಸ್ತಕದಲ್ಲಿ, 2020ರ ಸುಮಾರಿಗೆ ನ್ಯುಮೋನಿಯಾ ಥರದ ಕಾಯಿಲೆ ಜಗತ್ತೆಲ್ಲಾ ಹರಡುತ್ತೆ ಅಂತ ಬರೆದಿದ್ರಲ್ಲ? ಹೆಂಗೆ ಗೊತ್ತಾಯ್ತು?

ಹಳೇಪೇಪರ್
@ಮೂರನೇಕಣ್ಣು ಆ ಪುಟ ಹಂಚಿದವರು ಅದರ ಮುಂದಿನ ವಾಕ್ಯ ಓದಲ್ಲ. ಕಾಯಿಲೆ ಬಂದಷ್ಟೇ ಥಟ್ಟನೆ ಮಾಯವಾಗುತ್ತೆ, ಹತ್ತು ವರ್ಷಕ್ಕೆ ಮತ್ತೆ ಬಂದು ಆಮೇಲೆ ಪೂರ್ತಿ ಹೋಗುತ್ತೆ ಅಂತ ಇದೆ. ಕೋವಿಡ್ ಥಟ್ಟನೆ ಮಾಯ ಆಯ್ತಾ? ಅಲೆ ಮೇಲೆ ಅಲೆ ಬಂತು. ಇನ್ನು "ನ್ಯುಮೋನಿಯಾ ಥರ" ಅನ್ನೋಕೆ ದಿವ್ಯದೃಷ್ಟಿ ಬೇಡ. 2002-03ರಲ್ಲಿ ಸಾರ್ಸ್ ಅನ್ನೋ ಶ್ವಾಸಕೋಶದ ಸೋಂಕು ಬಂದುಹೋಗಿ, ಇಂಥದ್ದು ಮತ್ತೆ ಬರುತ್ತೆ ಅಂತ ವಿಜ್ಞಾನಿಗಳು ಬಡಕೊಳ್ತಿದ್ದ ಕಾಲ ಅದು. ನೂರಾರು ಭವಿಷ್ಯ ಬರೆದ ಕೈಯಿಂದ ಒಂದು ಅರ್ಧ ಸರಿ ಹೊರಟಿದೆ. ಹಿಟ್ಟು ಹಾರಿ ಗೋಡೆಗೆಲ್ಲಾ ಅಂಟಿದ ಮೇಲೆ ಅದರಲ್ಲೊಂದು ಆನೆ ಕಂಡ ಹಾಗೆ.

ಲೆಕ್ಕಿಗ
ಸರಿ ಬಂದದ್ದನ್ನ ಮಾತ್ರ ನೆನಪಿಟ್ಟು ತಪ್ಪಿದ್ದನ್ನ ಮರೆಯೋದಕ್ಕೆ ಒಂದು ಹೆಸರೇ ಇದೆ, ಜೀನ್ ಡಿಕ್ಸನ್ ಪರಿಣಾಮ. ಗಣಿತಜ್ಞ ಜಾನ್ ಅಲೆನ್ ಪೌಲೋಸ್ ಇಟ್ಟಿದ್ದು. ಡಿಕ್ಸನ್ ಅನ್ನೋ ಸೈಕಿಕ್ 1956ರಲ್ಲಿ ಪರೇಡ್ ಪತ್ರಿಕೆಗೆ, 1960ರ ಅಮೆರಿಕ ಅಧ್ಯಕ್ಷ ಚುನಾವಣೆ ಡೆಮಾಕ್ರಟ್ ಪಕ್ಷದವನು ಗೆಲ್ತಾನೆ, ಅಧಿಕಾರದಲ್ಲಿರುವಾಗ ಸಾಯ್ತಾನೆ ಅಥವಾ ಕೊಲೆಯಾಗ್ತಾನೆ, ಅದು ಮೊದಲ ಅವಧಿಯಲ್ಲೇ ಆಗಬೇಕಿಲ್ಲ ಅಂದಿದ್ರು. ಡೆಮಾಕ್ರಟ್ ಕೆನಡಿ ಗೆದ್ದು, ಹತ್ಯೆ ಆದಮೇಲೆ ಅದೇ ಮಾತು ಅವರನ್ನ ಮೆರೆಸಿತು. 1960 ಹತ್ತಿರ ಬಂದಾಗ ಅದೇ ಡಿಕ್ಸನ್, ಕೆನಡಿಯ ಎದುರಾಳಿ ನಿಕ್ಸನ್ ಗೆಲ್ತಾರೆ ಅಂದಿದ್ದು ಮಾತ್ರ ಯಾರಿಗೂ ನೆನಪಿಲ್ಲ.

ಕೈಚಳಕ
ವೇದಿಕೆ ಮೇಲೆ ಇದು ಹೇಗೆ ನಡೆಯುತ್ತೆ ಅಂತ ಬಿಡಿಸಿ ಹೇಳ್ತೀನಿ. ಕೋಲ್ಡ್ ರೀಡಿಂಗ್ ಅಂದ್ರೆ ಎದುರಿನವರ ಬಗ್ಗೆ ಮೊದಲೇ ಏನೂ ಗೊತ್ತಿಲ್ಲದೆ ಹೇಳೋದು.

ಮೊದಲು ಬಲೆ ಅಗಲವಾಗಿ ಬೀಸ್ತಾರೆ. "ಈ ಕಡೆ ಯಾರಿಗೋ ಜೆ ಅಕ್ಷರ ಬರ್ತಿದೆ, ಜಾನ್, ಜೇಮ್ಸ್, ಜೋಸೆಫ್... ಹಿರಿಯ ಗಂಡಸು, ಎದೆ ಭಾಗದಲ್ಲಿ ತೊಂದರೆ." ಮುನ್ನೂರು ಜನರ ಸಭೆಯಲ್ಲಿ ಜೆ ಹೆಸರಿನ ಸತ್ತ ಹಿರಿಯರು ಇಲ್ಲದಿದ್ರೆ ಅದೇ ಪವಾಡ. ಎದೆ ಯಾಕೆ? ಹೃದಯ, ಶ್ವಾಸಕೋಶ, ಕೊನೆಗೆ ಉಸಿರು ನಿಲ್ಲೋದು, ಎಲ್ಲಾ ಅಲ್ಲೇ. ಯಾವ ಸಾವನ್ನ ಬೇಕಾದ್ರೂ ಎದೆಗೆ ತಂದು ಕಟ್ಟಬಹುದು. ಕೈ ಎತ್ತಿದವರು ಸಿಕ್ಕ ಮೇಲೆ ಮಾತು ಸಣ್ಣ ಮಾಡ್ತಾ ಬರ್ತಾರೆ, ಪ್ರಶ್ನೆಯನ್ನ ಹೇಳಿಕೆಯ ದನಿಯಲ್ಲಿ ಕೇಳ್ತಾರೆ.

ಎರಡನೇದು ಮಾಯವಾಗುವ 'ಇಲ್ಲ'. "ಅವರು ಸೈನ್ಯದಲ್ಲಿ ಇರಲಿಲ್ಲ ಅಲ್ವಾ?" ಇದ್ರು ಅಂದ್ರೆ "ಅದೇ, ಸಮವಸ್ತ್ರ ಕಾಣ್ತಿತ್ತು." ಇರಲಿಲ್ಲ ಅಂದ್ರೆ "ಅದೇ ನಾನೂ ಹೇಳಿದ್ದು." ಎರಡು ಕಡೆಯೂ ಅಂಕ ಅವರದೇ.

ಮೂರನೇದು ಎರಡು ತುದಿ ಹಿಡಿಯೋದು. "ನೀವು ಜನರ ಜೊತೆ ಬೆರೆಯೋರು, ಆದ್ರೆ ಒಳಗೆ ಒಂಟಿತನ ಇಷ್ಟ." ಮನಶ್ಶಾಸ್ತ್ರಜ್ಞ ಬರ್ಟ್ರಮ್ ಫೋರರ್ 1948ರಲ್ಲಿ 39 ವಿದ್ಯಾರ್ಥಿಗಳಿಗೆ ಇಂಥ ವಾಕ್ಯ ತುಂಬಿದ ಒಂದೇ ಹಾಳೆಯನ್ನ, ಇದು ನಿಮ್ಮದೇ ವ್ಯಕ್ತಿತ್ವ ಪರೀಕ್ಷೆಯ ಫಲಿತಾಂಶ ಅಂತ ಹಂಚಿದ. ಇದು ನಮಗೆ ಎಷ್ಟು ಹೊಂದುತ್ತೆ ಅನ್ನೋದಕ್ಕೆ ಅವರು ಐದಕ್ಕೆ ಸರಾಸರಿ 4.26 ಅಂಕ ಕೊಟ್ಟರು, ಪಾಪ.

ತಪ್ಪಿದ್ರೆ? "ಈಗ ಗೊತ್ತಾಗಲ್ಲ, ಮನೆಗೆ ಹೋಗಿ ವಿಚಾರಿಸಿ." ಆ ತಪ್ಪು ಅಲ್ಲಿಗೆ ಸಮಾಧಿ. ಮೇಲಿಂದ ಸಂಕಲನ ಬೇರೆ. ಅರ್ಧ ಗಂಟೆಯ ಕಾರ್ಯಕ್ರಮದಲ್ಲಿ ಜಾಹೀರಾತು ಕಳೆದ್ರೆ ಉಳಿಯೋದು 22 ನಿಮಿಷ. ಗಂಟೆಗಟ್ಟಲೆ ಚಿತ್ರೀಕರಣದಿಂದ 22 ನಿಮಿಷ ಸರಿ ಉತ್ತರ ಆರಿಸೋದು ಕಷ್ಟವಾ?

ಅಡ್ಡಗೋಡೆದೀಪ
ಒಟ್ಟಿನಲ್ಲಿ ನನ್ನ ಹೆಸರಿನ ಕೆಲಸ. ಆ ಕಡೆಗೂ ಬೆಳಕು, ಈ ಕಡೆಗೂ ಬೆಳಕು.

ಚಕಮಕಿ
ಕೈಚಳಕ ಅವರು ಹಾಟ್ ರೀಡಿಂಗ್ ಬಿಟ್ಟರು. ಅಂದ್ರೆ ಮೊದಲೇ ಮಾಹಿತಿ ಕದ್ದು ತರೋದು.

1986ರಲ್ಲಿ ಪೀಟರ್ ಪೊಪಾಫ್ ಅನ್ನೋ ರೋಗ ವಾಸಿ ಮಾಡುವ ಪ್ರಚಾರಕನ ಪ್ರಕರಣ ಪಾಠದಂತಿದೆ. ಸಭೆಗೆ ಬಂದವರು ಶುರುವಿಗೆ ಮುಂಚೆ ಪ್ರಾರ್ಥನಾ ಚೀಟಿ ತುಂಬಬೇಕು: ಹೆಸರು, ಊರು, ಕಾಯಿಲೆ. ಆಮೇಲೆ ದೇವರೇ ಹೇಳಿದ ಹಾಗೆ ಹೆಸರು ಹಿಡಿದು ಕರೀತಿದ್ದ. ಇಂಥ ಮೋಸ ಬಯಲಿಗೆಳೀತಿದ್ದ ಜಾದೂಗಾರ ಜೇಮ್ಸ್ ರ‍್ಯಾಂಡಿ ತಂಡ ರೇಡಿಯೋ ಸ್ಕ್ಯಾನರ್ ಹಿಡಿದು ಹೋಯ್ತು. 39.17 ಮೆಗಾಹರ್ಟ್ಸ್‌ನಲ್ಲಿ ಸಿಕ್ಕಿದ್ದು ದೇವರಲ್ಲ, ಪೊಪಾಫ್ ಹೆಂಡತಿ. ಚೀಟಿ ಓದಿ ಅವನ ಕಿವಿಯಲ್ಲಿದ್ದ ಯಂತ್ರಕ್ಕೆ ಕಳಿಸ್ತಿದ್ದಳು. ಧ್ವನಿಮುದ್ರಣ ಜಾನಿ ಕಾರ್ಸನ್ ಶೋನಲ್ಲಿ ಹಾಕಿದ್ರು, ಮರುವರ್ಷ ಪೊಪಾಫ್ ದಿವಾಳಿ ಅರ್ಜಿ ಹಾಕಿದ. ಕೆಲವೇ ವರ್ಷಕ್ಕೆ ಮತ್ತೆ ಟಿವಿಗೆ ಬಂದ ಅನ್ನೋದು ಬೇರೆ ಮಾತು.

ಈಗ ಚೀಟಿ ಬೇಡ, ಫೇಸ್‌ಬುಕ್ ಸಾಕು. ಟಿಕೆಟ್ ಆನ್‌ಲೈನ್‌ನಲ್ಲಿ ತಗೊಂಡ್ರೆ ಹೆಸರು ಸಿಗುತ್ತೆ, ಆಸನ ಸಂಖ್ಯೆಯೂ ಸಿಗುತ್ತೆ. 2017ರಲ್ಲಿ ಸಂದೇಹವಾದಿ ಸೂಸನ್ ಗರ್ಬಿಕ್ ತಂಡ ಸುಳ್ಳು ಖಾತೆಗಳನ್ನ ಸೃಷ್ಟಿಸಿ, ಇಲ್ಲದ ಸತ್ತ ಸಂಬಂಧಿಕರನ್ನ ಅದರಲ್ಲಿ ತುಂಬಿಸಿ, ಆ ಹೆಸರಲ್ಲೇ ಥಾಮಸ್ ಜಾನ್ ಅನ್ನೋ ಸೈಕಿಕ್ ಸಭೆಗೆ ಹೋಯ್ತು. ಹುಟ್ಟೇ ಇರದವರ ಆತ್ಮಗಳು ಬಂದು ಮಾತಾಡಿದವು! ಈ ಬಲೆಯ ಜಾಣತನ ನೋಡಿ: ಸಭೆಯಲ್ಲಿ ಕೂತ ಗರ್ಬಿಕ್‌ಗೆ ಖಾತೆಯಲ್ಲಿ ಏನು ಬರೆದಿದೆ ಅಂತ ಗೊತ್ತಿರದ ಹಾಗೆ ನೋಡಿಕೊಂಡಿದ್ರು. ಇಲ್ಲದಿದ್ರೆ "ಆಕೆಯ ಮನಸ್ಸು ಓದಿದೆ" ಅನ್ನೋ ನೆಪ ಉಳೀತಿತ್ತು.

ಮೂರನೇಕಣ್ಣು
ಮೋಸಗಾರರು ಎಲ್ಲಾ ಕಡೆ ಇದ್ದಾರೆ ಬಿಡಿ. ಆದ್ರೆ ಪೊಲೀಸರು ಸೈಕಿಕ್ ಸಹಾಯ ತಗೊಳ್ತಾರೆ, ಸಿಐಎ ಕೂಡ ಇಟ್ಟುಕೊಂಡಿತ್ತು. ಸುಮ್ನೆ ದುಡ್ಡು ಸುರೀತಾರಾ?

ಚಕಮಕಿ
ಸುರಿದ್ರು. ಸುಮಾರು 2 ಕೋಟಿ ಡಾಲರ್. ಸ್ಟಾರ್‌ಗೇಟ್ ಯೋಜನೆ, 1995ರಲ್ಲಿ ಮುಚ್ಚಿದ್ರು. ಯಾವ ಗೂಢಚರ್ಯೆ ಕೆಲಸಕ್ಕೂ ಉಪಯೋಗಕ್ಕೆ ಬಂದಿಲ್ಲ ಅಂತ ಪರಿಶೀಲನಾ ವರದಿಯಲ್ಲೇ ಇದೆ.

ನಿಧಾನಿ
ಪೊಲೀಸರ ವಿಷಯ. ಕರೆ ಬಂದ ಮೇಲೆ ಪರಿಶೀಲಿಸದೆ ಬಿಟ್ಟರೆ ನಾಳೆ ಬೈಗುಳ, ಅದಕ್ಕೆ ಹೋಗ್ತಾರೆ. ಅದನ್ನೇ ಇವರು "ಪೊಲೀಸರ ಜೊತೆ ಕೆಲಸ ಮಾಡಿದ್ದೇನೆ" ಅಂತ ಫಲಕ ಹಾಕಿಕೊಳ್ತಾರೆ.

2011ರ ಜೂನ್‌ನಲ್ಲಿ ಟೆಕ್ಸಸ್‌ನ ಲಿಬರ್ಟಿ ಕೌಂಟಿಯಲ್ಲಿ ಒಬ್ಬ ಸೈಕಿಕ್ ಕರೆ ಮಾಡಿ, ಇಂಥ ಮನೆಯಲ್ಲಿ ಹೆಣಗಳ ರಾಶಿ ಇದೆ ಅಂದಳು. ಹೆಲಿಕಾಪ್ಟರ್, ಎಫ್‌ಬಿಐ, ನೇರ ಪ್ರಸಾರ, ಎಲ್ಲಾ ಬಂತು. ಒಂದು ಹೆಣವೂ ಇರಲಿಲ್ಲ. ಆದ್ರೆ ಆ ಮನೆಯ ಗಂಡ ಹೆಂಡತಿ ಒಂದು ಸಂಜೆ ಪೂರ್ತಿ ಜಗತ್ತಿನ ಕಣ್ಣಲ್ಲಿ ಸರಣಿ ಕೊಲೆಗಾರರು. ಆಮೇಲೆ ಮೊಕದ್ದಮೆ ಹೂಡಿ 68 ಲಕ್ಷ ಡಾಲರ್ ಪರಿಹಾರದ ತೀರ್ಪು ಪಡೆದ್ರು.

ಅದಕ್ಕಿಂತ ಹಳೇದು ಆಸ್ಟ್ರೇಲಿಯಾದ ಬ್ಯೂಮಾಂಟ್ ಮಕ್ಕಳು. 1966ರ ಜನವರಿ 26ರಂದು ಅಡಿಲೇಡ್ ಹತ್ತಿರದ ಕಡಲತೀರದಿಂದ ಮೂವರು ಮಕ್ಕಳು ಕಾಣೆ. ಡಚ್ ಸೈಕಿಕ್ ಗೆರಾರ್ಡ್ ಕ್ರೋಯಿಸೆಟ್ ವಿಮಾನದಲ್ಲಿ ಬಂದು ಒಂದು ಗೋದಾಮಿನ ಕಾಂಕ್ರೀಟ್ ನೆಲ ತೋರಿಸಿದ. ಜನ ಸುಮಾರು 40,000 ಡಾಲರ್ ಚಂದಾ ಎತ್ತಿ ಅಗೆಸಿದ್ರು. ಏನೂ ಸಿಗಲಿಲ್ಲ. 1996ರಲ್ಲಿ ಕಟ್ಟಡ ಕೆಡವುವಾಗ ಮತ್ತೆ ಅಗೆದ್ರು. ಆಗಲೂ ಇಲ್ಲ. ಮೂವತ್ತು ವರ್ಷ ಒಂದು ಸುಳ್ಳು ಜಾಗ ಜನರ ತಲೆಯಲ್ಲಿ ಉಳೀತು ನೋಡಿ.

ಇವರ ಹೇಳಿಕೆಗಳಲ್ಲಿ ನೀರು, ಮರ, ಬಂಡೆ, ಸಂಖ್ಯೆ, ಚರ್ಚಿನ ಗೋಪುರ ಇದ್ದೇ ಇರುತ್ತೆ. ಯಾವ ಭೂಮಿಯಲ್ಲಿ ನೀರು ಹತ್ತಿರ ಇಲ್ಲ ಹೇಳಿ? ದೇಹ ಸಿಕ್ಕಮೇಲೆ ಚರಂಡಿಯೂ ನೀರೇ. ಅಪಾಯ ಇರೋದು "ಸತ್ತಿದ್ದಾರೆ" ಅನ್ನೋ ಖಚಿತ ಮಾತಲ್ಲಿ. ಮನೆಯವರು ಚಿತ್ರ ಹಂಚೋದು, ಪತ್ರಿಕೆಯವರನ್ನ ಕಾಡೋದು, ಪೊಲೀಸರ ಬಾಗಿಲು ತಟ್ಟೋದು ನಿಲ್ಲಿಸಿಬಿಡಬಹುದು. ಹಳೇ ಪ್ರಕರಣ ಜೀವ ಹಿಡಿದಿರೋದು ಆ ಕಾಟದಿಂದಲೇ.

ಸುಮ್ನೆಓದುಗ
ಯಾರಾದ್ರೂ ಕಾಣೆಯಾಗಿ, ಇಂಥವರು ತಾವೇ ಫೋನ್ ಮಾಡಿದ್ರೆ ಮನೆಯವರು ಏನು ಮಾಡಬೇಕು?

ನಿಧಾನಿ
ಫೋನ್ ಎತ್ತೋಕೆ ಒಬ್ಬರನ್ನೇ ಇಡಿ, ಅಪ್ಪ ಅಮ್ಮ ಬೇಡ. ಬಂದ ಸಮಯ, ಸಂಖ್ಯೆ, ಹೇಳಿದ ಮಾತು ಹೇಳಿದ ಹಾಗೇ ಬರೆದುಕೊಳ್ಳಿ. ನಿಮ್ಮ ಕಡೆಯಿಂದ ಹೂಂ, ಇಲ್ಲ, ಏನೂ ಬೇಡ, ಮೌನವೇ ಸಾಕು. ಹಾಕಿದ್ದ ಬಟ್ಟೆ, ಗುರುತು, ಕೊನೆಯ ಕರೆ, ಇದರಲ್ಲಿ ಯಾವುದನ್ನ ಗುಟ್ಟಾಗಿ ಇಡಬೇಕು ಅಂತ ತನಿಖಾಧಿಕಾರಿಯನ್ನ ಕೇಳಿ. ಸಾರ್ವಜನಿಕವಾಗಿ ಹೇಳದ ಒಂದು ವಿವರ ಕೈಯಲ್ಲಿದ್ರೆ, ಕರೆ ಮಾಡಿದವರಿಗೆ ನಿಜ ಗೊತ್ತಾ ಅಂತ ಅಳೆಯೋಕೆ ಅದೊಂದೇ ಅಳತೆಗೋಲು. ಬರೆದದ್ದನ್ನ ಪೊಲೀಸರಿಗೆ ಕೊಟ್ಟು ಕೈ ತೊಳೆದುಕೊಳ್ಳಿ, ನೀವೇ ಹುಡುಕಿಕೊಂಡು ಹೋಗಬೇಡಿ.

ಇನ್ನೊಂದು ವಿಷಯ ಜನಕ್ಕೆ ಹೊಳೆಯಲ್ಲ. ಕರೆ ಮಾಡಿದವರು ನಿಜಕ್ಕೂ ಜಾಗ ಸರಿಯಾಗಿ ಹೇಳಿದ್ರೆ ಅವರು ಸೈಕಿಕ್ ಅಲ್ಲ, ಸಾಕ್ಷಿ ಅಥವಾ ಆರೋಪಿ. ಅದಕ್ಕೇ ಪೊಲೀಸರ ಕೈಗೆ.

ಲೆಕ್ಕಿಗ
ಮೂಲ ಪ್ರಶ್ನೆಗೆ ಬರ್ತೀನಿ, ಲೆಕ್ಕ ಹೇಗೆ ಇಡೋದು.

ಹೇಳಿಕೆಯನ್ನ ಫಲಿತಾಂಶಕ್ಕೆ ಮುಂಚೆ, ಅವರದೇ ಪದಗಳಲ್ಲಿ, ದಿನಾಂಕದ ಜೊತೆ ಬರೆದಿಡಿ. ಏನು, ಯಾರಿಗೆ, ಎಲ್ಲಿ, ಯಾವಾಗಿನೊಳಗೆ, ಈ ನಾಲ್ಕೂ ಇದೆಯಾ ನೋಡಿ. ಒಂದು ಇಲ್ಲದಿದ್ರೂ "ಅಳೆಯಲಾಗದು" ಅಂತ ಗುರುತು ಹಾಕಿ. ಇಲ್ಲೇ ಎಲ್ಲರೂ ಎಡವೋದು: ಅಳೆಯಲಾಗದ್ದನ್ನ ಪಟ್ಟಿಯಿಂದ ತೆಗೆದುಬಿಡ್ತಾರೆ. ತೆಗೆಯಬೇಡಿ, ಛೇದದಲ್ಲಿ ಇರಲಿ. ನೂರರಲ್ಲಿ 80 ಮಸುಕು ಮಾತು, 10 ಸರಿ, 10 ತಪ್ಪು ಅಂದ್ರೆ ಸರಿಯ ಪಾಲು ಹತ್ತೇ, ಐವತ್ತಲ್ಲ.

ಆಮೇಲೆ ಸುಮ್ಮನಿದ್ರೂ ಆಗೋ ಸಾಧ್ಯತೆ ಎಷ್ಟು ಅಂತ ಕಂಡುಹಿಡೀರಿ. "ಈ ವರ್ಷ ಭಾರೀ ಭೂಕಂಪ" ಅಂದ್ರೆ ಭವಿಷ್ಯವೇ ಅಲ್ಲ. 7 ಅಥವಾ ಅದಕ್ಕೂ ಮೇಲಿನ ತೀವ್ರತೆಯವು ವರ್ಷಕ್ಕೆ ಸರಾಸರಿ 15ರ ಆಸುಪಾಸು ಆಗ್ತವೆ, 6ರ ಮೇಲಿನವು ನೂರಕ್ಕೂ ಹೆಚ್ಚು. ವಯಸ್ಸಾದ ನಟ ಸಾಯ್ತಾನೆ, ಮಂತ್ರಿ ರಾಜೀನಾಮೆ ಕೊಡ್ತಾನೆ, ಇದೂ ಅದೇ ಗುಂಪು.

ಆಸ್ಟ್ರೇಲಿಯಾದ ಸಂದೇಹವಾದಿಗಳು 2000ದಿಂದ 2020ರವರೆಗಿನ 3,800ಕ್ಕೂ ಹೆಚ್ಚು ಪ್ರಕಟಿತ ಭವಿಷ್ಯಗಳನ್ನ ಹೀಗೆ ವಿಂಗಡಿಸಿದ್ರು. ಸರಿ ಬಂದದ್ದು ಶೇಕಡಾ 11. ತಪ್ಪು ಅರ್ಧಕ್ಕಿಂತ ಹೆಚ್ಚು. ಮಿಕ್ಕಿದ್ದು ಬಹುಪಾಲು ಮಸುಕು, ಇಲ್ಲವೇ ಹೇಗೂ ಆಗುತ್ತಿದ್ದದ್ದು.

ಹವಾಮಾನದವರಿಗೆ ಇನ್ನೂ ಕಠಿಣ ಅಳತೆ ಇದೆ, ಬ್ರಯರ್ ಅಂಕ. ಮಳೆ ಶೇಕಡಾ 70 ಅಂದು ಮಳೆ ಬಂದ್ರೆ (0.7−1)ರ ವರ್ಗ, 0.09. ಬರದಿದ್ರೆ 0.49. ಸೊನ್ನೆ ಅತ್ಯುತ್ತಮ. ಯಾವಾಗಲೂ 50 ಅಂತ ಕಣ್ಮುಚ್ಚಿ ಹೇಳೋನಿಗೆ 0.25 ಸಿಗುತ್ತೆ. ನೂರಕ್ಕೆ ನೂರು ಖಚಿತ ಅಂದು ತಪ್ಪಿದ್ರೆ ಪೂರ್ತಿ 1, ಅದಕ್ಕಿಂತ ಕೆಟ್ಟ ಅಂಕ ಇಲ್ಲ. ಬ್ರೌನ್ ಆ ತಾಯಿಗೆ ಹೇಳಿದ್ದು ಆ 1.

ಅಡ್ಡಗೋಡೆದೀಪ
ಫುಟ್‌ಬಾಲ್ ಪಂದ್ಯ ಗೆಲ್ಲೋರನ್ನ ಆರಿಸ್ತಿದ್ದ ಪಾಲ್ ಆಕ್ಟೋಪಸ್‌ಗೆ ಎಷ್ಟು ಅಂಕ? ಒಂದೂ ತಪ್ಪಿಲ್ಲ ಅದು.

ಲೆಕ್ಕಿಗ
2010ರ ವಿಶ್ವಕಪ್‌ನಲ್ಲಿ 8ಕ್ಕೆ 8, ನಿಜ. 2008ರ ಯೂರೋದಲ್ಲಿ 6ರಲ್ಲಿ 2 ತಪ್ಪು. ನಾಣ್ಯ ಚಿಮ್ಮಿದ್ರೆ 8ಕ್ಕೆ 8 ಬರೋ ಸಾಧ್ಯತೆ 256ರಲ್ಲಿ 1. ಜಗತ್ತಿನಾದ್ಯಂತ ಆಮೆ, ಆನೆ, ಗಿಳಿ, ಹಂದಿ ಎಷ್ಟು ಕೂತಿದ್ವು? ಸೋತವನ್ನ ಯಾರೂ ಟಿವಿಗೆ ಕರೀಲಿಲ್ಲ ಅಷ್ಟೇ. ಪಾಪ, ಆಕ್ಟೋಪಸ್ ಯಾರಿಗೂ ಮಗಳು ಸತ್ತಳು ಅನ್ನಲಿಲ್ಲ.

ಕೈಚಳಕ
"ಮೊದಲೇ ಬರೆದಿಡಿ" ಅಂದಿದ್ದಕ್ಕೆ ಒಂದು ತಿದ್ದುಪಡಿ: ಬರೆದಿಟ್ಟದ್ದು *ನಿಮ್ಮ* ಹತ್ತಿರ ಇರಬೇಕು, ಅವರ ಹತ್ತಿರ ಅಲ್ಲ.

1981ರ ಮಾರ್ಚ್ 30ರಂದು ಅಮೆರಿಕ ಅಧ್ಯಕ್ಷ ರೇಗನ್ ಮೇಲೆ ಗುಂಡು ಹಾರಿತು. ಮೂರು ದಿನಕ್ಕೆ ಟಮಾರಾ ರ‍್ಯಾಂಡ್ ಅನ್ನೋ ಸೈಕಿಕ್ ಜನವರಿಯಲ್ಲೇ ಇದನ್ನ ಹೇಳಿದ್ದ ಟೇಪ್ ಅಂತ ಅಮೆರಿಕದ ದೊಡ್ಡ ಚಾನೆಲ್‌ಗಳಲ್ಲಿ ಬಂತು. ಚಿತ್ರೀಕರಣ ಆಗಿದ್ದು ಮಾರ್ಚ್ 31ಕ್ಕೆ, ಗುಂಡು ಹಾರಿದ ಮರುದಿನ! ಜೊತೆಗಿದ್ದ ನಿರೂಪಕನೇ ಒಪ್ಪಿಕೊಂಡ. 2014ರ ವಿಶ್ವಕಪ್ ಫೈನಲ್‌ನಲ್ಲಿ ಗೋಲು ಹೊಡೆಯೋನ ಹೆಸರನ್ನ ಮೊದಲೇ ಹೇಳಿದ ಟ್ವಿಟರ್ ಖಾತೆ ನೆನಪಿದೆಯಾ? ಎಲ್ಲಾ ಸಾಧ್ಯತೆಗಳನ್ನೂ ಬರೆದು, ತಪ್ಪಿದ್ದನ್ನ ಅಳಿಸಿದ್ದು.

ಮುಚ್ಚಿದ ಲಕೋಟೆಯೂ ನಂಬಿಕೆಗೆ ಅರ್ಹ ಅಲ್ಲ. ಹೆಬ್ಬೆರಳ ಉಗುರಿಗೆ ಅಂಟಿಸುವ ಸಣ್ಣ ಪೆನ್ಸಿಲ್ ತುದಿ ಸಿಗುತ್ತೆ. ಲಕೋಟೆ ಒಡೆದು ಚೀಟಿ ಹಿಡಿದು ಮಾತಾಡ್ತಾ, ಬಿಟ್ಟಿದ್ದ ಖಾಲಿ ಜಾಗದಲ್ಲಿ ಉತ್ತರ ಗೀಚಬಹುದು. ಅದಕ್ಕೇ ಲಕೋಟೆ ಒಡೆಯೋದೂ ಓದೋದೂ ಮೂರನೆಯವರೇ ಆಗಬೇಕು.

ಚಕಮಕಿ
ಹ್ಯಾಷ್, ಅಂದ್ರೆ ಪಠ್ಯದಿಂದ ಕಂಪ್ಯೂಟರ್ ಲೆಕ್ಕ ಹಾಕೋ ಬೆರಳಚ್ಚಿನಂಥ ಸಂಕೇತ, ಮಾಡಿಸಿದ್ರೆ ಆಯ್ತಲ್ಲ? ಹೇಳಿಕೆಯ ಹ್ಯಾಷ್ ಮೊದಲೇ ಪ್ರಕಟಿಸಿ, ಆಮೇಲೆ ಮೂಲ ಪಠ್ಯ ತೋರಿಸೋದು. ಒಂದು ಅಕ್ಷರ ಬದಲಿಸಿದ್ರೂ ಹೊಂದಲ್ಲ.

ಕೈಚಳಕ
ಹ್ಯಾಷ್ ಒಂದೇ ಇದೆ ಅಂತ ಗೊತ್ತಿದ್ರೆ ಮಾತ್ರ. 64 ಬೇರೆ ಬೇರೆ ಖಾತೆಯಲ್ಲಿ 64 ಹ್ಯಾಷ್ ಹಾಕಿ, ಗೆದ್ದದ್ದನ್ನ ಮಾತ್ರ ತೆರೆದ್ರೆ ಏನು ಮಾಡ್ತೀರಿ? ಷೇರು ಸಲಹೆಯ ಹಳೇ ಮೋಸ ಇದೇ. 1,024 ಜನಕ್ಕೆ ಪತ್ರ, ಅರ್ಧಕ್ಕೆ ಏರುತ್ತೆ, ಅರ್ಧಕ್ಕೆ ಇಳಿಯುತ್ತೆ. ಸರಿ ಬಂದ 512ಕ್ಕೆ ಮುಂದಿನದು. ಹತ್ತು ವಾರಕ್ಕೆ ಒಬ್ಬ ಉಳೀತಾನೆ, ಅವನ ಪಾಲಿಗೆ ನೀವು ಸಾಕ್ಷಾತ್ ತ್ರಿಕಾಲಜ್ಞಾನಿ. ಅದಕ್ಕೇ ಒಟ್ಟು ಎಷ್ಟು ಹೇಳಿಕೆ ಅನ್ನೋದನ್ನ ಮೊದಲೇ ಕಟ್ಟಿಹಾಕಬೇಕು.

ಮೂರನೇಕಣ್ಣು
ಒಪ್ಪಿದೆ, ಲೆಕ್ಕದಲ್ಲಿ ಸೋತರು. ಆದ್ರೆ ಗಂಡನನ್ನ ಕಳೆದುಕೊಂಡವಳಿಗೆ "ಅವರು ಚೆನ್ನಾಗಿದ್ದಾರೆ" ಅಂದ್ರೆ ಸಮಾಧಾನ ಆಗುತ್ತಲ್ಲ. ಅದರಲ್ಲಿ ಏನು ನಷ್ಟ?

ಹಳೇಪೇಪರ್
ಸಮಾಧಾನಕ್ಕೆ ಮೀಟರ್ ಹಾಕಿರೋದೇ ತಕರಾರು. ಮಿಸ್ ಕ್ಲಿಯೋ ಹೆಸರಿನ ಸೈಕಿಕ್ ಫೋನ್ ಸೇವೆ ಮೂರು ನಿಮಿಷ ಉಚಿತ ಅಂತ ಜಾಹೀರಾತು ಹಾಕಿ, ಆಮೇಲೆ ನಿಮಿಷಕ್ಕೆ 4.99 ಡಾಲರ್ ಎಣಿಸ್ತಿತ್ತು. 2002ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಜೊತೆಗಿನ ರಾಜಿಯಲ್ಲಿ ಕಂಪನಿ 50 ಕೋಟಿ ಡಾಲರ್ ಬಾಕಿ ಬಿಲ್ ಮನ್ನಾ ಮಾಡಿ, 50 ಲಕ್ಷ ದಂಡ ಕಟ್ಟಬೇಕಾಯ್ತು. ಬ್ರೌನ್ ಫೋನ್ ಮಾತಿಗೆ 2007ರ ಹೊತ್ತಿಗೆ ಸುಮಾರು 700 ಡಾಲರ್.

ನಿಧಾನಿ
ನಿಮಿಷದ ಲೆಕ್ಕ ಇದ್ರೆ ದುಃಖ ಮುಗಿಯಬಾರದು, ಮುಗಿದ್ರೆ ಕರೆ ನಿಲ್ಲುತ್ತೆ. "ಇನ್ನೊಂದು ಮಾತು ಹೇಳ್ತಿದ್ದಾರೆ, ಮುಂದಿನ ವಾರ ಬನ್ನಿ." ದುಃಖಕ್ಕೆ ಆಪ್ತಸಮಾಲೋಚನೆ ಮಾಡುವವರು ಇಷ್ಟು ಭೇಟಿ ಅಂತ ಸಾಮಾನ್ಯವಾಗಿ ಶುರುವಲ್ಲೇ ಮಾತಾಡಿಕೊಳ್ತಾರೆ. ಕೇಳಿ ನೋಡಿ, ಸೈಕಿಕ್ ಎಷ್ಟು ಸಲಕ್ಕೆ ಮುಗಿಸ್ತಾರೆ ಅಂತ.

ಸುಮ್ನೆಓದುಗ
ಜಾತಕದವರೂ ಇದೇ ಪಟ್ಟಿಗೆ ಬರ್ತಾರಾ, ಅಥವಾ ಅದು ಬೇರೆ ಚರ್ಚೆನಾ?

ಲೆಕ್ಕಿಗ
ಬೇರೆ ಚರ್ಚೆ, ಆದ್ರೆ ಅಳತೆ ಅದೇ. ಖಗೋಳವಿಜ್ಞಾನಿ ಜಯಂತ ನಾರ್ಳೀಕರ್ 200 ಜಾತಕ ಸಂಗ್ರಹಿಸಿದ್ರು, 100 ಜಾಣ ಮಕ್ಕಳದ್ದು, 100 ಬುದ್ಧಿಮಾಂದ್ಯ ಮಕ್ಕಳದ್ದು. 27 ಜ್ಯೋತಿಷಿಗಳು ತಲಾ 40 ನೋಡಿ ಯಾವುದು ಯಾರದ್ದು ಅಂತ ಹೇಳಿದ್ರು. ಸರಾಸರಿ ಶೇಕಡಾ 46. ನಾಣ್ಯಕ್ಕೆ 50.

ಮೂರನೇಕಣ್ಣು
ನಾಣ್ಯಕ್ಕಿಂತ ಕಮ್ಮಿ ಅಂದ್ರೆ ಅವರು ಹೇಳಿದ್ದಕ್ಕೆ ಉಲ್ಟಾ ಹಿಡಿದ್ರೆ 54 ಬಂತಲ್ಲ 😄

ಲೆಕ್ಕಿಗ
ಆ 4 ಅಂದ್ರೆ ತಲಾ 40 ಜಾತಕದಲ್ಲಿ ಒಂದೆರಡರ ವ್ಯತ್ಯಾಸ ಮಾರಾಯ್ರೆ, ಉಲ್ಟಾ ಅಂಗಡಿ ತೆರೆಯಬೇಡಿ.